ಡಾಡ್ಜ್ ಕಾರಿನ ಆರು ವೋಲ್ಟ್ ಬ್ಯಾಟರಿ: ಎರಡು ಬಾರಿ ಬದಲಿಸಿದರೂ ಸೆಲ್ಫ್ ಎಳೆಯುತ್ತಿಲ್ಲ

ಆಲ್ದೂರಿನ ತೋಟದವನು, ಸೆಪ್ಟೆಂಬರ್ 6

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯಲ್ಲಿ ಅಜ್ಜ ಕೊಂಡಿದ್ದ 1951ರ ಡಾಡ್ಜ್ ಕಿಂಗ್ಸ್‌ವೇ ಇದೆ. ಆರು ಸಿಲಿಂಡರಿನ ಸೈಡ್ ವಾಲ್ವ್ ಎಂಜಿನ್, ಸುಮಾರು 3.6 ಲೀಟರ್. ಆರು ವೋಲ್ಟ್, ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪಾಸಿಟಿವ್ ಕಡೆಯನ್ನು ಬಾಡಿಗೆ ಕಟ್ಟಿರುತ್ತದೆ. ಎಂಜಿನ್ ಕೆಲಸ ಮೂರು ವರ್ಷದ ಹಿಂದೆ ಮುಗಿದಿದೆ. ಒಮ್ಮೆ ಸ್ಟಾರ್ಟ್ ಆಯಿತೆಂದರೆ ಪಕ್ಕದಲ್ಲಿ ನಿಂತವರಿಗೂ ಸದ್ದು ಕೇಳಿಸದಷ್ಟು ನಯವಾಗಿ ತಿರುಗುತ್ತದೆ.

ಸ್ಟಾರ್ಟ್ ಆಗುವುದೇ ಕಷ್ಟ. ಬೆಳಿಗ್ಗೆ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಒತ್ತಿದರೆ ಎರಡು ಸುತ್ತು ನಿಧಾನವಾಗಿ ಎಳೆದು ನಿಂತುಬಿಡುತ್ತದೆ. ಆ ಹೊತ್ತಿಗೆ ಹೆಡ್‌ಲೈಟ್ ಹಾಕಿ ನೋಡಿದರೆ ಬೆಳಕು ಅರಿಶಿನದ ಬಣ್ಣಕ್ಕೆ ಇಳಿದಿರುತ್ತದೆ. ಹೇಗೋ ಸ್ಟಾರ್ಟ್ ಮಾಡಿ ಚಿಕ್ಕಮಗಳೂರಿಗೆ ಹೋಗಿ ಅಲ್ಲಿ ನಿಲ್ಲಿಸಿದರೆ, ಎಂಜಿನ್ ಬಿಸಿಯಾಗಿರುವಾಗ ಮತ್ತೆ ಎಳೆಯುವುದೇ ಇಲ್ಲ. ಕಳೆದ ತಿಂಗಳು ಎಂ.ಜಿ. ರಸ್ತೆಯಲ್ಲಿ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿಸಿದರು. ಅಜ್ಜನ ಕಾರು ಹಾಗೆ ನಡುಬೀದಿಯಲ್ಲಿ ನಿಂತದ್ದು ನನಗೆ ತುಂಬ ನೋವಾಯಿತು.

ಹದಿನಾಲ್ಕು ತಿಂಗಳಲ್ಲಿ ಎರಡು ಬ್ಯಾಟರಿ ಹಾಕಿಸಿದ್ದೇನೆ. ಅಂಗಡಿಯವರು ಪ್ರತಿ ಬಾರಿಯೂ ಬ್ಯಾಟರಿ ವೀಕ್ ಎಂದೇ ಹೇಳಿದರು. ಈಗಿನದ್ದು ಮೂರು ತಿಂಗಳ ಹಿಂದೆ ಹೊಸದಾಗಿ ಕಟ್ಟಿಸಿದ್ದು, 100 ಆಂಪಿಯರ್ ಅವರ್ ಎಂದು ಹೇಳಿ ಕೊಟ್ಟಿದ್ದಾರೆ. ಆಯುಧಪೂಜೆಯ ದಿನ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಪೂಜೆ ಮಾಡಿ, ಅಮ್ಮನನ್ನು ಕೂರಿಸಿಕೊಂಡು ಊರ ದೇವಸ್ಥಾನಕ್ಕೆ ಹೋಗಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?


ಬೇಲೂರಿನ ಮೆಕ್ಯಾನಿಕ್, ಸೆಪ್ಟೆಂಬರ್ 6

ಸರ್, ನೇರವಾಗಿ ಹೇಳುತ್ತೇನೆ. ಹನ್ನೆರಡು ವೋಲ್ಟಿಗೆ ಬದಲಿಸಿಬಿಡಿ. ನಾನು ಇಂಥ ಮೂರು ಗಾಡಿಗಳನ್ನು ಬದಲಿಸಿದ್ದೇನೆ. ಬ್ಯಾಟರಿ ಯಾವ ಊರಿನಲ್ಲಾದರೂ ಸಿಗುತ್ತದೆ, ಬಲ್ಬು ಸಿಗುತ್ತದೆ, ರಾತ್ರಿ ಬೆಳಕು ಚೆನ್ನಾಗಿರುತ್ತದೆ. ಹಾಗೆ ಮಾಡುವುದಾದರೆ ಪೂರ್ತಿ ಮಾಡಬೇಕು: ಕಾಯಿಲ್, ಎಲ್ಲ ಬಲ್ಬುಗಳು, ಹಾರ್ನ್, ಡೈನಮೋ ಬದಲಿಗೆ ಆಲ್ಟರ್ನೇಟರ್, ಮೀಟರುಗಳಿಗೆ ವೋಲ್ಟೇಜ್ ಇಳಿಸುವ ಸಾಧನ. ಬರೀ ಬ್ಯಾಟರಿ ಬದಲಿಸಿ ಹಳೆಯ ಸೆಲ್ಫನ್ನೇ ಹನ್ನೆರಡು ವೋಲ್ಟಿನಲ್ಲಿ ಓಡಿಸುವವರೂ ಇದ್ದಾರೆ. ಗೇರು ಫ್ಲೈವೀಲಿಗೆ ಬಡಿಯುವ ಹೊಡೆತಕ್ಕೆ ಒಂದು ದಿನ ಹಲ್ಲು ಮುರಿಯುತ್ತದೆ.


ಹಾಸನದ ಹಳೆಯ ಎಲೆಕ್ಟ್ರೀಷಿಯನ್, ಸೆಪ್ಟೆಂಬರ್ 6

ತಮ್ಮಾ, ಗಾಡಿ ದಿನನಿತ್ಯ ಓಡಿಸುವವರಿಗೆ ನೀವು ಹೇಳಿದ್ದು ಸರಿ. ಆದರೆ ಇವರ ಗಾಡಿಗೆ ಬಂದ ಕಾಯಿಲೆ ಏನೆಂದು ಇನ್ನೂ ಯಾರೂ ನೋಡಿಲ್ಲ. ಕಾಯಿಲೆ ತಿಳಿಯದೆ ಕಾಲು ಕತ್ತರಿಸುವುದು ಬೇಡ.

ಆಲ್ದೂರಿನ ಯಜಮಾನರೇ, ನಾನು ಬಿ.ಎಂ. ರಸ್ತೆಯಲ್ಲಿ ನಲವತ್ತು ವರ್ಷ ಆಟೋ ಎಲೆಕ್ಟ್ರಿಕ್ ಕೆಲಸ ಮಾಡಿದವನು. ಮೊದಲ ಹತ್ತು ವರ್ಷ ಘಟ್ಟದ ಮೇಲಿನ ತೋಟಗಳಿಂದ ಬರುತ್ತಿದ್ದ ಡಾಡ್ಜ್, ಪ್ಲಿಮತ್, ಫೋರ್ಡ್, ವಿಲ್ಲಿಸ್ ಜೀಪುಗಳೇ ನನ್ನ ಅನ್ನ. ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಜೋಡಿಸಿದ ಡಾಡ್ಜುಗಳು ಆಗ ಈ ಸೀಮೆಯಲ್ಲಿ ಬೇಕಾದಷ್ಟಿದ್ದವು. ಇದೇ ಆರು ವೋಲ್ಟಿನಲ್ಲಿ ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತಿದ್ದರು. ಆರು ವೋಲ್ಟಿನಲ್ಲಿ ದೋಷವಿದ್ದರೆ ಅವು ಆಗಲೂ ನಿಲ್ಲಬೇಕಿತ್ತಲ್ಲವೇ? ಬ್ಯಾಟರಿಯನ್ನು ದೂರುವ ಮುನ್ನ ತಂತಿಯನ್ನು ವಿಚಾರಿಸಿಕೊಳ್ಳಿ.

ಒಂದು ಕೆಲಸ ಮಾಡಿ. ಮೀಟರ್ ಏನೂ ಬೇಡ. ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲಿನ ನಡುವಿನ ವೈರನ್ನು ಕಿತ್ತಿಟ್ಟು ಸೆಲ್ಫನ್ನು ಹತ್ತು ಸೆಕೆಂಡ್ ಎಳೆಯಿರಿ. ಆಮೇಲೆ ತಡಮಾಡದೆ ಬ್ಯಾಟರಿಯ ಎರಡು ಕ್ಲ್ಯಾಂಪು, ಅರ್ಥ್ ವೈರಿನ ಇನ್ನೊಂದು ತುದಿ, ಸೆಲ್ಫಿನ ಬೋಲ್ಟು, ಇವನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿ. ಯಾವುದು ಬೆಚ್ಚಗಿದೆಯೋ ಕರೆಂಟಿಗೆ ಅಲ್ಲಿ ತಡೆ ಬಂದು ಶಾಖವಾಗುತ್ತಿದೆ. ಸುಡುವಷ್ಟು ಬಿಸಿಯೂ ಇರಬಹುದು, ಜೋಪಾನ. ಬೆರಳಿನ ಉಂಗುರ, ಕೈಗಡಗ ತೆಗೆದಿಟ್ಟೇ ಬ್ಯಾಟರಿಯ ಬಳಿ ಹೋಗಿ.


ಸಕಲೇಶಪುರದ ಜೀಪಿನವಳು, ಸೆಪ್ಟೆಂಬರ್ 7

ನನ್ನ ಬಳಿ ಅಪ್ಪನ ಸಿಜೆ-3ಬಿ ಜೀಪಿದೆ, ಅದೂ ಆರು ವೋಲ್ಟ್. ನನ್ನದು ನೆಗೆಟಿವ್ ಅರ್ಥ್, ನಿಮ್ಮದು ಪಾಸಿಟಿವ್. ಬ್ಯಾಟರಿ ಬಿಚ್ಚುವಾಗ ಯಾವಾಗಲೂ ಅರ್ಥ್ ಕಡೆಯದನ್ನು ಮೊದಲು ತೆಗೆಯಬೇಕು. ನಿಮಗೆ ಅದು ಪಾಸಿಟಿವ್. ಈಗಿನ ಹುಡುಗರಿಗೆ ಕಪ್ಪು ವೈರು ಎಂದರೆ ಬಾಡಿ ಎಂಬ ಅಭ್ಯಾಸ. ಚಾರ್ಜರನ್ನು ಉಲ್ಟಾ ಹಾಕಿಬಿಡುತ್ತಾರೆ. ಅಂಗಡಿಯಲ್ಲಿ ಹಾಗೇನಾದರೂ ಆಗಿತ್ತೇ ಎಂದು ವಿಚಾರಿಸಿ. ಬ್ಯಾಟರಿಯನ್ನು ಗಾಡಿಗೆ ಉಲ್ಟಾ ಜೋಡಿಸಿದರೆ ಆಮ್ಮೀಟರ್ ಮುಳ್ಳು ತಲೆಕೆಳಗಾಗಿ ಓಡುತ್ತದೆ, ಡೈನಮೋ ಮತ್ತು ಅದನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ಸ್ವಿಚ್ಚಾದ ಕಟ್‌ಔಟಿನ ನಡುವೆ ಜಗಳವಾಗಿ ಪಾಯಿಂಟುಗಳು ಸುಟ್ಟು ಹೋಗುತ್ತವೆ.

ಇನ್ನೊಂದು ಮಾತು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ನಿಂತೇ ಇರುತ್ತದೆ. ಕೊಟ್ಟಿಗೆಯ ತೇವಕ್ಕೆ ಚಪ್ಪಲಿಯೂ ಬೂಷ್ಟು ಹಿಡಿಯುವ ಕಾಲ ಅದು. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆಯೇ ನೋಡಿ. ನಾನು ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯುತ್ತೇನೆ. ಸೋಡಾ ನೀರು ಸೆಲ್ಲಿನ ಒಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಒಣಗಿದ ಮೇಲೆ ಉಪ್ಪುಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ, ಬಿಗಿದು, ಕೊನೆಗೆ ಮೇಲಿನಿಂದ ವ್ಯಾಸಲೀನ್ ಸವರುವುದು. ಮೊದಲೇ ಸವರಿ ಬಿಗಿಯಬಾರದು.


ಆಲ್ದೂರಿನ ತೋಟದವನು, ಸೆಪ್ಟೆಂಬರ್ 7

ಹಿರಿಯರೇ, ನೀವು ಹೇಳಿದಂತೆ ಮುಟ್ಟಿ ನೋಡಿದೆ. ಪಾಸಿಟಿವ್ ಕ್ಲ್ಯಾಂಪು ಬೆಚ್ಚಗಿತ್ತು. ಅರ್ಥ್ ವೈರನ್ನು ಮಡ್‌ಗಾರ್ಡಿನ ಒಳಮೈಗೆ ಒಂದು ಬೋಲ್ಟಿನಲ್ಲಿ ಕಟ್ಟಿದ್ದಾರೆ. ಆ ವೈರಂತೂ ಉದ್ದಕ್ಕೂ ಬಿಸಿಯಾಗಿತ್ತು. ಮೇಡಂ, ಬಿಳಿ ಪುಡಿ ಇದೆ. ತೊಳೆದೆ. ಸ್ವಲ್ಪ ಸುಧಾರಿಸಿತು, ಎರಡರ ಬದಲು ನಾಲ್ಕು ಸುತ್ತು ಎಳೆಯಿತು. ಆದರೆ ಸ್ಟಾರ್ಟ್ ಆಗಲಿಲ್ಲ.


ಚಿಕ್ಕಮಗಳೂರಿನ ಫಿಸಿಕ್ಸ್ ಮೇಷ್ಟ್ರು, ಸೆಪ್ಟೆಂಬರ್ 7

ನನ್ನ ಬಳಿ ಹಳೆಯ ಕಾರಿಲ್ಲ, ಹಳೆಯ ಕಾರುಗಳ ಮೇಲಿನ ಪ್ರೀತಿ ಮಾತ್ರ ಇದೆ. ವೈರು ಬಿಸಿಯಾದದ್ದರ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ಆರು ವೋಲ್ಟಿನ ಗಾಡಿಗಳ ಅರ್ಧ ತೊಂದರೆ ಈ ಒಂದು ಲೆಕ್ಕದಲ್ಲೇ ಅಡಗಿದೆ.

ಸೆಲ್ಫ್ 1,200 ವಾಟ್ ಕೇಳುತ್ತದೆ ಎಂದುಕೊಳ್ಳಿ. ಹನ್ನೆರಡು ವೋಲ್ಟಿನಲ್ಲಿ ಅದಕ್ಕೆ 100 ಆಂಪಿಯರ್ ಸಾಕು, ಆರು ವೋಲ್ಟಿನಲ್ಲಿ 200 ಆಂಪಿಯರ್ ಬೇಕು. ಈಗ ದಾರಿಯಲ್ಲಿ, ಅಂದರೆ ವೈರು, ಕ್ಲ್ಯಾಂಪು, ಬೋಲ್ಟು ಎಲ್ಲ ಸೇರಿ, ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದೆ ಎನ್ನಿ. ಸಾಮಾನ್ಯ ಮಲ್ಟಿಮೀಟರಿನಲ್ಲಿ ಅಷ್ಟು ಸಣ್ಣ ತಡೆ ಕಾಣಿಸುವುದೇ ಇಲ್ಲ. ಆದರೆ 200 ಆಂಪಿಯರ್ ಹರಿದಾಗ ಅಲ್ಲಿ 2 ವೋಲ್ಟ್ ಕಳೆದುಹೋಗುತ್ತದೆ. ಆರರಲ್ಲಿ ಎರಡು ಹೋದರೆ ಮೂರರಲ್ಲಿ ಒಂದು ಭಾಗವೇ ಹೋಯಿತು. ಅದೇ ತಡೆ ಹನ್ನೆರಡು ವೋಲ್ಟಿನ ಗಾಡಿಯಲ್ಲಿದ್ದರೆ ಕಳೆಯುವುದು 1 ವೋಲ್ಟ್, ಹನ್ನೆರಡರಲ್ಲಿ ಒಂದು ಭಾಗ. ನಷ್ಟದ ಪಾಲು ನಾಲ್ಕು ಪಟ್ಟು. ಈಗಿನ ಕಾರು ಲೆಕ್ಕಿಸದೆ ಬಿಡುವ ಸಣ್ಣ ಕೊಳೆ ನಿಮ್ಮ ಡಾಡ್ಜನ್ನು ನಡುಬೀದಿಯಲ್ಲಿ ನಿಲ್ಲಿಸುತ್ತದೆ.

ಆದ್ದರಿಂದ ಓಮ್ ಅಳೆಯಬೇಡಿ, ಸೆಲ್ಫ್ ಎಳೆಯುತ್ತಿರುವಾಗ ವೋಲ್ಟ್ ಅಳೆಯಿರಿ. ಒಬ್ಬರು ಸೆಲ್ಫ್ ಒತ್ತಲಿ, ಒಬ್ಬರು ಮೀಟರ್ ಹಿಡಿಯಲಿ. ಬ್ಯಾಟರಿಯ ಸೀಸದ ಕಂಬದ ಮೇಲೆಯೇ ಕಡ್ಡಿ ಇಡಬೇಕು, ಕ್ಲ್ಯಾಂಪಿನ ಮೇಲಲ್ಲ. ಮೊದಲು ಎರಡು ಕಂಬಗಳ ನಡುವೆ. ನಂತರ ಸೆಲ್ಫಿನ ಬೋಲ್ಟಿಗೂ ಸೆಲ್ಫಿನ ಮೈಗೂ ನಡುವೆ. ಇವೆರಡರ ವ್ಯತ್ಯಾಸವೇ ನಿಮ್ಮ ನಷ್ಟ. ಆಮೇಲೆ ನೆಗೆಟಿವ್ ಕಂಬದಿಂದ ಸೆಲ್ಫ್ ಬೋಲ್ಟಿಗೆ, ಪಾಸಿಟಿವ್ ಕಂಬದಿಂದ ಎಂಜಿನ್ ಬ್ಲಾಕಿಗೆ ಬೇರೆ ಬೇರೆಯಾಗಿ ಅಳೆದರೆ ನಷ್ಟ ಯಾವ ಕಡೆಯಲ್ಲಿದೆ ಎಂದು ತಿಳಿಯುತ್ತದೆ. ಒಂದೊಂದು ಕಡೆಗೂ 0.2 ವೋಲ್ಟಿಗಿಂತ ಹೆಚ್ಚು ಇರಬಾರದು.


ಹಾಸನದ ಹಳೆಯ ಎಲೆಕ್ಟ್ರೀಷಿಯನ್, ಸೆಪ್ಟೆಂಬರ್ 7

ಮೇಷ್ಟ್ರೇ, ನಾನು ಬೆರಳಿನಲ್ಲಿ ತಿಳಿದದ್ದನ್ನು ನೀವು ಲೆಕ್ಕದಲ್ಲಿ ತೋರಿಸಿದಿರಿ. ಬಹಳ ಸಂತೋಷವಾಯಿತು.

ಯಜಮಾನರೇ, ಅಳೆಯುವ ಮುನ್ನ ಆಸಿಡ್ಡಿನ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನಲ್ಲಿ ಮೂರು ಸೆಲ್ಲುಗಳನ್ನೂ ನೋಡಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಚಾರ್ಜರ್ ತೆಗೆದು ಮೂರು ನಾಲ್ಕು ಗಂಟೆಯಾದರೂ ಕಳೆದಿರಬೇಕು. ಚಾರ್ಜರ್ ತೆಗೆದ ಕೂಡಲೇ ಮೀಟರ್ 6.6 ವೋಲ್ಟ್ ತೋರಿಸಿದರೆ ನಂಬಬೇಡಿ, ಅದು ಮೇಲುಮೇಲಿನ ಚಾರ್ಜು. ಸಾವಕಾಶವಾಗಿ ನಿಂತ ಮೇಲೆ 6.3ರಿಂದ 6.4 ಇದ್ದರೆ ಹೊಟ್ಟೆ ತುಂಬಿದೆ, 6.0ಕ್ಕೆ ಇಳಿದಿದ್ದರೆ ಕಾಲು ಭಾಗ ಮಾತ್ರ ಉಳಿದಿದೆ. ಹೈಡ್ರೋಮೀಟರಿನಲ್ಲಿ 1.240ರಿಂದ 1.265ರ ಆಸುಪಾಸು ಬರಬೇಕು. ಅದಕ್ಕಿಂತ ಮುಖ್ಯವಾದದ್ದು ಮೂರೂ ಸೆಲ್ಲು ಒಂದೇ ಸಮ ಇರುವುದು. ಎರಡು 1.250 ಇದ್ದು ಒಂದು 1.190 ಇದ್ದರೆ ಆ ಒಂದು ಸೆಲ್ಲು ಸತ್ತಿದೆ. ಮೂರು ಎತ್ತಿನ ಗಾಡಿಯಲ್ಲಿ ಒಂದು ಎತ್ತು ಮಲಗಿದ ಹಾಗೆ. ಹನ್ನೆರಡು ವೋಲ್ಟಿನಲ್ಲಿ ಆರು ಸೆಲ್ಲಿರುವುದರಿಂದ ಒಂದು ಸೋತರೂ ಎಷ್ಟೋ ಸಲ ಗಾಡಿ ಸ್ಟಾರ್ಟ್ ಆಗುತ್ತದೆ. ನಿಮ್ಮದರಲ್ಲಿ ಆ ಆಸೆ ಇಲ್ಲ.


ಆಲ್ದೂರಿನ ತೋಟದವನು, ಸೆಪ್ಟೆಂಬರ್ 10

ಎರಡು ದಿನ ನಿಧಾನ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು, ಇಂದು ಬೆಳಿಗ್ಗೆ ಅಳೆದೆ. ಮಗಳು ಸೆಲ್ಫ್ ಒತ್ತಿದಳು, ನಾನು ಬರೆದುಕೊಂಡೆ.

ಹೈಡ್ರೋಮೀಟರಿನಲ್ಲಿ ಮೂರು ಸೆಲ್ಲುಗಳು 1.245, 1.250, 1.245. ಸುಮ್ಮನಿದ್ದಾಗ 6.34 ವೋಲ್ಟ್. ಸೆಲ್ಫ್ ಎಳೆಯುವಾಗ ಬ್ಯಾಟರಿ ಕಂಬಗಳ ನಡುವೆ 5.1. ಸೆಲ್ಫಿನ ಬಳಿ 3.6 ಮಾತ್ರ!

ನೆಗೆಟಿವ್ ಕಡೆಯ ನಷ್ಟ 0.45. ಅರ್ಥ್ ಕಡೆಯದ್ದು 1.05. ಅರ್ಥ್ ಕಡೆಯನ್ನು ಮತ್ತೆ ತುಂಡು ತುಂಡಾಗಿ ಅಳೆದೆ: ಕಂಬದಿಂದ ಕ್ಲ್ಯಾಂಪಿಗೆ 0.1, ವೈರಿನಲ್ಲಿ 0.35, ಮಡ್‌ಗಾರ್ಡಿನಿಂದ ಎಂಜಿನ್ನಿಗೆ 0.6.

ಬ್ಯಾಟರಿ ಸರಿಯಾಗಿಯೇ ಇದೆ, ಅಲ್ಲವೇ? ಹಾಗಾದರೆ ಹೋದ ವರ್ಷ ಎಸೆದ ಬ್ಯಾಟರಿಯೂ ಸರಿಯಾಗಿಯೇ ಇತ್ತೇ? ಅದು ಕಾಫಿ ಗೋದಾಮಿನ ಮೂಲೆಯಲ್ಲಿ ಹಾಗೇ ಬಿದ್ದಿದೆ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತಿದೆ.


ಚಿಕ್ಕಮಗಳೂರಿನ ಫಿಸಿಕ್ಸ್ ಮೇಷ್ಟ್ರು, ಸೆಪ್ಟೆಂಬರ್ 10

ಲೆಕ್ಕ ಎಷ್ಟು ಚೆನ್ನಾಗಿ ಕೂಡಿತು ನೋಡಿ: 5.1ರಲ್ಲಿ 3.6 ಕಳೆದರೆ 1.5, ನಿಮ್ಮ 0.45 ಮತ್ತು 1.05 ಸೇರಿದರೂ 1.5. ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ದೊಡ್ಡ ಕಳ್ಳ ಮಡ್‌ಗಾರ್ಡಿನಲ್ಲಿದ್ದಾನೆ. ಕರೆಂಟು ಪೇಂಟು ಹೊಡೆದ ತಗಡಿನ ಮೂಲಕ, ತುಕ್ಕು ಹಿಡಿದ ನಾಲ್ಕಾರು ಬೋಲ್ಟುಗಳನ್ನು ದಾಟಿ, ರಬ್ಬರ್ ಮೌಂಟಿನ ಮೇಲೆ ಕೂತ ಎಂಜಿನ್ನನ್ನು ತಲುಪಲು ದಾರಿ ಹುಡುಕುತ್ತಿದೆ.


ಹಾಸನದ ಹಳೆಯ ಎಲೆಕ್ಟ್ರೀಷಿಯನ್, ಸೆಪ್ಟೆಂಬರ್ 10

ಇನ್ನು ಕೆಲಸ ಸುಲಭ. ಅರ್ಥ್ ವೈರನ್ನು ಬ್ಯಾಟರಿಯಿಂದ ನೇರವಾಗಿ ಎಂಜಿನ್ ಬ್ಲಾಕಿಗೇ ಕಟ್ಟಿ, ಸಾಧ್ಯವಾದರೆ ಸೆಲ್ಫ್ ಕೂರುವ ಬೋಲ್ಟಿನ ಹತ್ತಿರ. ಬೋಲ್ಟು ಕೂರುವ ಜಾಗದಲ್ಲಿ ಪೇಂಟನ್ನು ಕೆರೆದು ಬರಿಯ ಲೋಹ ಕಾಣಬೇಕು. ಬಾಡಿಗೆ ಇನ್ನೊಂದು ಬೇರೆ ಅರ್ಥ್ ಪಟ್ಟಿ ಕೊಡಿ, ಲೈಟುಗಳಿಗೆ ಅದು ಬೇಕು.

ವೈರಿನ ವಿಷಯಕ್ಕೆ ಬರೋಣ. ನಿಮ್ಮ ವೈರಿನ ದಪ್ಪ ಎಷ್ಟು? ಅಂಗಡಿಯಲ್ಲಿ ತಲೆಗೆ ಥಿಂಬಲ್, ಅಂದರೆ ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ, ಹಾಕಿ ನೇತುಹಾಕಿರುತ್ತಾರಲ್ಲ, ಅದು ಹನ್ನೆರಡು ವೋಲ್ಟಿನ ಕಾರಿನದ್ದು, 16 ಅಥವಾ 25 ಚದರ ಮಿಲಿಮೀಟರ್ ಇರುತ್ತದೆ. ಆರು ವೋಲ್ಟಿಗೆ ಕನಿಷ್ಠ 50, ನನ್ನನ್ನು ಕೇಳಿದರೆ 70. ವೆಲ್ಡಿಂಗ್ ಸಾಮಾನಿನ ಅಂಗಡಿಗೆ ಹೋಗಿ ತಾಮ್ರದ ವೆಲ್ಡಿಂಗ್ ಕೇಬಲ್ ಕೇಳಿ. ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಕೊಳ್ಳುವ ಮುನ್ನ ಒಂದು ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಹೊದಿಕೆಯ ಅಲ್ಯೂಮಿನಿಯಂ, ಬೇಡ. ಥಿಂಬಲನ್ನು ಸುತ್ತಿಗೆಯಿಂದ ಜಜ್ಜಿಸಬೇಡಿ. ಪ್ರೆಸ್ ಯಂತ್ರದಲ್ಲಿ ಒತ್ತಿಸಿ, ಬಾಯಿಗೆ ಬೆಸುಗೆ ಹಾಕಿಸಿ.

ಗೋದಾಮಿನ ಬ್ಯಾಟರಿಯ ಆಸೆ ಬಿಡಿ. ಅಂದು ಚೆನ್ನಾಗಿತ್ತೋ ಏನೋ. ಆದರೆ ಒಂದು ವರ್ಷ ಚಾರ್ಜ್ ಇಲ್ಲದೆ ಬಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಕೊಂದದ್ದು ಆ ಮೂಲೆ.


ಬೇಲೂರಿನ ಮೆಕ್ಯಾನಿಕ್, ಸೆಪ್ಟೆಂಬರ್ 11

ಅಳತೆ ನೋಡಿದ ಮೇಲೆ ನಾನೂ ಒಪ್ಪುತ್ತೇನೆ, ಇದು ಬದಲಿಸುವ ಗಾಡಿಯಲ್ಲ. ಒಂದು ಪ್ರಶ್ನೆ. ಕೆಲವರು ಆರರ ಜಾಗಕ್ಕೆ ಎಂಟು ವೋಲ್ಟಿನ ಬ್ಯಾಟರಿ ಹಾಕುತ್ತಾರಲ್ಲ, ಅದು ನಡುದಾರಿಯಾಗುವುದಿಲ್ಲವೇ?


ಚಿಕ್ಕಮಗಳೂರಿನ ಫಿಸಿಕ್ಸ್ ಮೇಷ್ಟ್ರು, ಸೆಪ್ಟೆಂಬರ್ 11

ಆರು ವೋಲ್ಟಿನ ಗಾಡಿಯ ರೆಗ್ಯುಲೇಟರ್ ಸುಮಾರು 7.2ರಿಂದ 7.4 ವೋಲ್ಟಿಗೆ ಚಾರ್ಜ್ ನಿಲ್ಲಿಸುತ್ತದೆ. ಎಂಟು ವೋಲ್ಟಿನ ಬ್ಯಾಟರಿ ತುಂಬಲು 9.5ರ ಹತ್ತಿರ ಬೇಕು. ಹಾಗಾಗಿ ರೆಗ್ಯುಲೇಟರನ್ನು ಮೇಲಕ್ಕೆ ತಿರುಗಿಸದಿದ್ದರೆ ಆ ಬ್ಯಾಟರಿ ಎಂದೂ ತುಂಬುವುದಿಲ್ಲ. ತಿರುಗಿಸಿದರೆ ಬಲ್ಬುಗಳು, ರೇಡಿಯೋ, ಕಾಯಿಲ್ ಎಲ್ಲವೂ ಅಷ್ಟು ವೋಲ್ಟೇಜನ್ನು ತಿನ್ನಬೇಕು. ಕೊಳೆತ ವೈರಿನ ನಷ್ಟವನ್ನು ಮುಚ್ಚಲು ಹೆಚ್ಚು ವೋಲ್ಟ್ ಸುರಿಯುವುದು, ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಸೇದಿ ಹಾಕಿದಂತೆ.


ಸಕಲೇಶಪುರದ ಜೀಪಿನವಳು, ಸೆಪ್ಟೆಂಬರ್ 12

ವೈರು ಬರುವವರೆಗೆ ಇನ್ನೊಂದನ್ನೂ ನೋಡಿಬಿಡಿ: ರಾತ್ರಿ ಸದ್ದಿಲ್ಲದೆ ಸೋರಿಕೆ ಇದೆಯೇ ಎಂದು. ಅರ್ಥ್ ಕ್ಲ್ಯಾಂಪನ್ನು ತೆಗೆದು, ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಒಂದು ಆರು ವೋಲ್ಟಿನ ಬಲ್ಬನ್ನು ಸೇರಿಸಿ. ಎಲ್ಲ ಸ್ವಿಚ್ ಆರಿಸಿದ್ದರೂ ಬಲ್ಬು ಮಿಣುಕಿದರೆ ಎಲ್ಲೋ ಸೋರುತ್ತಿದೆ. ನನ್ನ ಜೀಪಿನಲ್ಲಿ ಹಾಗೆ ಮಿಣುಕುತ್ತಿತ್ತು. ಕಟ್‌ಔಟಿನ ಪಾಯಿಂಟು ಅಂಟಿಕೊಂಡು ಬ್ಯಾಟರಿ ಡೈನಮೋ ಮೂಲಕ ಖಾಲಿಯಾಗುತ್ತಿತ್ತು. ಅದನ್ನು ಪತ್ತೆ ಮಾಡಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಬ್ಯಾಟರಿಗೆ ಯಾವ ನೀರು ಹಾಕುತ್ತೀರಿ? ನಮ್ಮಪ್ಪ ಮಳೆನೀರನ್ನೇ ಹಿಡಿದು ಹಾಕುತ್ತಿದ್ದರು.


ಹಾಸನದ ಹಳೆಯ ಎಲೆಕ್ಟ್ರೀಷಿಯನ್, ಸೆಪ್ಟೆಂಬರ್ 12

ನಿಮ್ಮಪ್ಪನವರ ಕಾಲದಲ್ಲಿ ಎಲ್ಲರೂ ಹಿಡಿಯುತ್ತಿದ್ದರು, ತಾಯಿ. ಅದಕ್ಕೊಂದು ಕ್ರಮವಿತ್ತು. ಹೆಂಚಿನಿಂದ ಇಳಿದ ನೀರಲ್ಲ. ಮಳೆ ಹಿಡಿದು ಅರ್ಧ ಗಂಟೆಯಾದ ಮೇಲೆ ಬಯಲಿನಲ್ಲಿ ಉಪ್ಪಿನಕಾಯಿಯ ಪಿಂಗಾಣಿ ಜಾಡಿ ಇಟ್ಟು ಹಿಡಿದ ನೀರು. ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆ ಮುಟ್ಟಿಸುತ್ತಿರಲಿಲ್ಲ. ಈಗ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ, ಅದನ್ನೇ ಹಾಕಿ. ಬಾವಿ ನೀರು, ನಲ್ಲಿ ನೀರು ಮಾತ್ರ ಬೇಡ. ಪ್ಲೇಟು ಮುಳುಗಿ ಮೇಲೆ ಒಂದು ಬೆರಳು ಅಗಲ ನಿಂತರೆ ಸಾಕು. ಕಡಿಮೆಯಾದಾಗ ನೀರು ಸೇರಿಸಬೇಕೇ ಹೊರತು ಆಸಿಡ್ ಸೇರಿಸಬಾರದು.


ಆಲ್ದೂರಿನ ತೋಟದವನು, ಸೆಪ್ಟೆಂಬರ್ 17

ಬಲ್ಬು ಮಿಣುಕಲಿಲ್ಲ, ಸೋರಿಕೆ ಇಲ್ಲ.

ಹಾಸನದಿಂದ 70 ಚದರ ಮಿಲಿಮೀಟರಿನ ಕೇಬಲ್ ತಂದೆ. ಹಳೆಯ ವೈರನ್ನು ಸುಲಿದು ನೋಡಿದರೆ ಹೊರಗೆ ಹೆಬ್ಬೆರಳು ದಪ್ಪದ ರಬ್ಬರು, ಒಳಗೆ ತಾಮ್ರ ಪೆನ್ಸಿಲ್ಲಿನಷ್ಟೂ ಇಲ್ಲ. ಅದೂ ತುದಿಯಲ್ಲಿ ಕಪ್ಪಾಗಿ ಪುಡಿಯಾಗುತ್ತಿತ್ತು. ಎರಡೂ ಕೇಬಲ್ ಬದಲಿಸಿ, ಅರ್ಥನ್ನು ಸೆಲ್ಫ್ ಬೋಲ್ಟಿಗೆ ಕಟ್ಟಿದೆ. ಈಗಿನ ಅಳತೆ: ಸೆಲ್ಫ್ ಎಳೆಯುವಾಗ ಬ್ಯಾಟರಿಯಲ್ಲಿ 5.0, ಸೆಲ್ಫಿನಲ್ಲಿ 4.75.

ಬೆಳಿಗ್ಗೆ ಆರು ಗಂಟೆಗೆ, ಮಂಜು ಇನ್ನೂ ಕಣದ ಮೇಲಿರುವಾಗ, ಚೋಕ್ ಎಳೆದು ಒತ್ತಿದೆ. ಮೂರನೇ ಸುತ್ತಿಗೆ ಸ್ಟಾರ್ಟ್ ಆಯಿತು. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದರು.

ಆದರೆ ಆಲ್ದೂರಿಗೆ ಹೋಗಿ ಬಂದು ಬಿಸಿಯಾಗಿರುವಾಗ ಆರಿಸಿ ಒತ್ತಿದರೆ ಮತ್ತೆ ಅದೇ ನಿಧಾನ. ಆಗ ಸೆಲ್ಫಿನಲ್ಲಿ 4.3.


ಬೇಲೂರಿನ ಮೆಕ್ಯಾನಿಕ್, ಸೆಪ್ಟೆಂಬರ್ 17

ಇದು ನನ್ನ ಕೆಲಸ ಸರ್. ತಣ್ಣಗಿದ್ದಾಗ ಎಳೆದು ಬಿಸಿಯಾದಾಗ ಎಳೆಯದಿದ್ದರೆ ಸೆಲ್ಫಿನ ಬುಷ್, ಅಂದರೆ ಅಚ್ಚು ತಿರುಗುವ ಲೋಹದ ಬಳೆ, ಸವೆದಿರುತ್ತದೆ. ಬುಷ್ ಸವೆದರೆ ಒಳಗೆ ತಿರುಗುವ ಆರ್ಮೇಚರ್ ಒಂದು ಕಡೆಗೆ ವಾಲಿ ಒಳಗಿನ ಪೋಲುಗಳಿಗೆ ಉಜ್ಜುತ್ತದೆ. ಬಿಚ್ಚಿ ನೋಡಿ, ಆರ್ಮೇಚರ್ ಮೇಲೆ ಕನ್ನಡಿಯಂತೆ ಹೊಳೆಯುವ ಪಟ್ಟೆ ಕಂಡರೆ ಅದೇ. ಬುಷ್ ತಯಾರಾಗಿ ಸಿಗದಿದ್ದರೆ ಲೇತಿನಲ್ಲಿ ಕಡೆಸಿ. ಎಣ್ಣೆ ಹೀರುವ ಕಂಚಿನ ಬುಷ್ ಆದರೆ ಹಾಕುವ ಮುನ್ನ ಒಂದು ರಾತ್ರಿ ಎಂಜಿನ್ ಎಣ್ಣೆಯಲ್ಲಿ ನೆನೆಹಾಕಿ. ಬ್ರಷ್ ಬದಲಿಸುವುದಾದರೆ ತಾಮ್ರ ಬೆರೆತ ಕೆಂಪು ಛಾಯೆಯ ಬ್ರಷ್ ಕೇಳಿ. ಡೈನಮೋಗೆ ಹಾಕುವ ಕಪ್ಪು ಕಾರ್ಬನ್ ಬ್ರಷ್ಷಿಗೆ ತಡೆ ಹೆಚ್ಚು, ಸೆಲ್ಫಿಗೆ ಆಗುವುದಿಲ್ಲ.

ನೀವು ಬೇಲೂರಿಗೆ ತಂದುಕೊಟ್ಟರೆ ನಾನೇ ಮಾಡಿಕೊಡುತ್ತೇನೆ. ಕೂಲಿ ಬೇಡ, ಅಂಥ ಗಾಡಿಯ ಸೆಲ್ಫ್ ಒಮ್ಮೆ ಕೈಗೆ ಬಂದರೆ ಸಾಕು.


ಆಲ್ದೂರಿನ ತೋಟದವನು, ಸೆಪ್ಟೆಂಬರ್ 24

ಬೇಲೂರಿನ ಅಣ್ಣ ಹೇಳಿದ ಪಟ್ಟೆ ಹಾಗೆಯೇ ಇತ್ತು. ಎರಡು ಬುಷ್, ನಾಲ್ಕು ಬ್ರಷ್ ಹೊಸದಾಗಿ ಬಿದ್ದವು. ಈಗ ಬಿಸಿಯಲ್ಲೂ ಬ್ಯಾಟರಿಯಲ್ಲಿ 5.3, ಸೆಲ್ಫಿನಲ್ಲಿ 5.1. ಅವರು ನಿಜಕ್ಕೂ ಕೂಲಿ ತೆಗೆದುಕೊಳ್ಳಲಿಲ್ಲ. ಮನೆಯ ಕಾಫಿಪುಡಿ ಕೊಟ್ಟು ಬಂದೆ.

ಕೊನೆಯ ಒಂದು ಸಂಶಯ. ಎಂಜಿನ್ ಜೋರಾಗಿ ಓಡುವಾಗಲೂ ಬ್ಯಾಟರಿಯಲ್ಲಿ 6.6ಕ್ಕಿಂತ ಮೇಲೆ ಏರುವುದಿಲ್ಲ. ಆಮ್ಮೀಟರ್ ಮುಳ್ಳು ನಡುವಿನಿಂದ ಸ್ವಲ್ಪವೇ ಸರಿಯುತ್ತದೆ.


ಹಾಸನದ ಹಳೆಯ ಎಲೆಕ್ಟ್ರೀಷಿಯನ್, ಸೆಪ್ಟೆಂಬರ್ 24

ಒಳ್ಳೆಯ ಕಾಲಕ್ಕೆ ನೋಡಿದಿರಿ. ಇದನ್ನು ಬಿಟ್ಟಿದ್ದರೆ ಆರು ತಿಂಗಳಲ್ಲಿ ಈ ಬ್ಯಾಟರಿಯೂ ಗೋದಾಮಿನ ಮೂಲೆ ಸೇರುತ್ತಿತ್ತು. 6.6ರಲ್ಲಿ ಅದು ಎಂದೂ ಪೂರ್ತಿ ತುಂಬುವುದಿಲ್ಲ.

ದೋಷ ಡೈನಮೋದಲ್ಲೋ ರೆಗ್ಯುಲೇಟರಿನಲ್ಲೋ ಎಂದು ತಿಳಿಯಲು ಒಂದು ಪರೀಕ್ಷೆ. ನಿಮ್ಮದು ಆಟೋಲೈಟ್ ಡೈನಮೋ. ಎಂಜಿನ್ ಮಧ್ಯಮ ವೇಗದಲ್ಲಿ ಓಡುತ್ತಿರಲಿ. ರೆಗ್ಯುಲೇಟರಿನ ಎಫ್ ಎಂಬ ಟರ್ಮಿನಲನ್ನು ಒಂದು ತುಂಡು ವೈರಿನಿಂದ ಬಾಡಿಗೆ ಎರಡು ಸೆಕೆಂಡ್ ಮುಟ್ಟಿಸಿ. ಮುಳ್ಳು ತಟ್ಟನೆ ಚಾರ್ಜಿನ ಕಡೆಗೆ ಹಾರಿದರೆ ಡೈನಮೋ ಗಟ್ಟಿಯಾಗಿದೆ, ರೆಗ್ಯುಲೇಟರ್ ಸೋಮಾರಿಯಾಗಿದೆ. ಹಾರದಿದ್ದರೆ ಡೈನಮೋ ಬಿಚ್ಚಬೇಕು. ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಆಗ ಅದಕ್ಕೆ ಕಡಿವಾಣವೇ ಇರುವುದಿಲ್ಲ. ಫೋರ್ಡ್ ಗಾಡಿ ಇರುವವರು ಇದನ್ನು ಓದಿ ಹೀಗೆ ಮಾಡಬಾರದು. ಅದರ ಫೀಲ್ಡ್ ವೈರಿಂಗ್ ಉಲ್ಟಾ, ಬೇರೆ ರೀತಿ ಪರೀಕ್ಷಿಸಬೇಕು.

ಮುಳ್ಳು ಹಾರಿದರೆ, ಬ್ಯಾಟರಿ ಬಿಚ್ಚಿಟ್ಟು ರೆಗ್ಯುಲೇಟರ್ ಮುಚ್ಚಳ ತೆಗೆಯಿರಿ. ಪಾಯಿಂಟುಗಳು ಮಬ್ಬಾಗಿರುತ್ತವೆ. ತೆಳುವಾದ ಪಾಯಿಂಟ್ ಅರದಿಂದ ಎರಡು ಸಲ ಎಳೆದು, ಶುಭ್ರವಾದ ಬಿಳಿ ಕಾಗದ ತೂರಿಸಿ ಒರೆಸಿ. ಉಪ್ಪುಕಾಗದ ಬೇಡ, ಅದರ ಹರಳು ಪಾಯಿಂಟಿನಲ್ಲಿ ಸಿಕ್ಕಿಕೊಂಡು ಮತ್ತೆ ಸುಡುತ್ತದೆ. ಮತ್ತೆ ಬ್ಯಾಟರಿ ಜೋಡಿಸಿದ ಮೇಲೆ, ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ, ಬಿ ಮತ್ತು ಎ ಟರ್ಮಿನಲ್‌ಗಳನ್ನು ಒಂದು ವೈರಿನಿಂದ ಒಂದೇ ಕ್ಷಣ ಮುಟ್ಟಿಸಿ ಬಿಡಿ. ಡೈನಮೋ ತನ್ನ ದಿಕ್ಕನ್ನು ನೆನಪು ಮಾಡಿಕೊಳ್ಳುತ್ತದೆ.


ಚಿಕ್ಕಮಗಳೂರಿನ ಫಿಸಿಕ್ಸ್ ಮೇಷ್ಟ್ರು, ಸೆಪ್ಟೆಂಬರ್ 25

ಚಾರ್ಜಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸ್ಟಾರ್ಟ್ ಮಾಡಲು ಬ್ಯಾಟರಿ ತುಂಬ ಖರ್ಚಾಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. 200 ಆಂಪಿಯರ್ ಹತ್ತು ಸೆಕೆಂಡ್ ಹರಿದರೆ ಹೋಗುವುದು ಸುಮಾರು ಅರ್ಧ ಆಂಪಿಯರ್ ಅವರ್ ಅಷ್ಟೇ, ನಿಮ್ಮ ಬ್ಯಾಟರಿಯ ಶೇಕಡ ಅರ್ಧದಷ್ಟು ಮಾತ್ರ. ಆದರೆ 35 ವಾಟಿನ ಎರಡು ಹೆಡ್‌ಲೈಟುಗಳು ಹೆಚ್ಚು ಕಡಿಮೆ 12 ಆಂಪಿಯರ್ ತಿನ್ನುತ್ತವೆ, ಮತ್ತು ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಏನೂ ಕೊಡುವುದಿಲ್ಲ. ರಾತ್ರಿ ಪೇಟೆಯ ಸಾಲಿನಲ್ಲಿ ನಿಂತು ಒಂದು ಗಂಟೆ ಕಳೆದರೆ ಬ್ಯಾಟರಿಯ ಎಂಟರಲ್ಲಿ ಒಂದು ಭಾಗ ಹೋಯಿತು. ಆದ್ದರಿಂದ ನಿಮ್ಮ ಕಾರಿಗೆ ಬೇಕಾದದ್ದು ಹಗಲಿನಲ್ಲಿ, ತೆರೆದ ರಸ್ತೆಯಲ್ಲಿ, ವಾರಕ್ಕೊಮ್ಮೆ ಒಂದು ಒಳ್ಳೆಯ ಓಟ. ಓಡಿಸಲಾಗದ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಆರು ವೋಲ್ಟಿನ ಚಾರ್ಜರ್ ಹಾಕಿ. ಹನ್ನೆರಡರ ಚಾರ್ಜರನ್ನು ಯಾರು ಎಷ್ಟೇ ಧೈರ್ಯ ಹೇಳಿದರೂ ಹಾಕಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಕೊಟ್ಟಿಗೆಯ ಬಾಗಿಲು ತೆರೆದಿರಲಿ, ಬೀಡಿ ಸೇದುವವರು ಹತ್ತಿರ ಬರದಿರಲಿ.


ಆಲ್ದೂರಿನ ತೋಟದವನು, ಆಯುಧಪೂಜೆಯ ರಾತ್ರಿ

ಎಫ್ ಟರ್ಮಿನಲ್ ಮುಟ್ಟಿಸಿದಾಗ ಮುಳ್ಳು ಹಾರಿತು. ಪಾಯಿಂಟು ಶುಭ್ರ ಮಾಡಿದ ಮೇಲೆ 7.2ಕ್ಕೆ ಏರಿ ಅಲ್ಲೇ ನಿಲ್ಲುತ್ತಿದೆ.

ಇಂದು ಬೆಳಿಗ್ಗೆ ಕಾರನ್ನು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಸ್ಪ್ಯಾನರುಗಳ ಜೊತೆ ಮಲ್ಟಿಮೀಟರನ್ನೂ ಹೈಡ್ರೋಮೀಟರನ್ನೂ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದಳು ಮಗಳು. ಅಮ್ಮ ಹಿಂದಿನ ಸೀಟಿನಲ್ಲಿ, ಮದುವೆಯಾಗಿ ಈ ಮನೆಗೆ ಬಂದ ದಿನ ಕೂತಿದ್ದ ಎಡಗಡೆಯಲ್ಲೇ ಕೂತರು. ಒತ್ತಿದ ಕೂಡಲೇ ಸ್ಟಾರ್ಟ್ ಆಯಿತು. ದೇವಸ್ಥಾನದ ಮುಂದೆ ಬೇಕೆಂದೇ ಆರಿಸಿದೆ. ಪೂಜೆ ಮುಗಿಸಿ ಬಂದು, ಎಂಜಿನ್ ಇನ್ನೂ ಬಿಸಿಯಾಗಿರುವಾಗ ಒತ್ತಿದೆ. ಎರಡನೇ ಸುತ್ತಿಗೆ ಹಿಡಿಯಿತು.

ಹಾಸನದ ಹಿರಿಯರೇ, ಮುಂದಿನ ವಾರ ನಿಮ್ಮನ್ನು ನೋಡಲು ಬರುತ್ತೇನೆ. ಡಾಡ್ಜಿನಲ್ಲೇ ಬರುತ್ತೇನೆ.


ಹಾಸನದ ಹಳೆಯ ಎಲೆಕ್ಟ್ರೀಷಿಯನ್, ಮರುದಿನ

ಬನ್ನಿ. ಊಟ ನಮ್ಮ ಮನೆಯಲ್ಲೇ. ಬಂದಾಗ ಬಾನೆಟ್ ತೆರೆದು ತೋರಿಸಬೇಕು, ಆ ಥಿಂಬಲಿನ ಬೆಸುಗೆ ಹೇಗೆ ಹಾಕಿದ್ದಾರೆಂದು ನಾನು ನೋಡಬೇಕು.